ಕದ ತಟ್ಟುವವನು

ಒಂದು ಊರಿತ್ತು. ಅಲ್ಲಿ ಕದ ತಟ್ಟದೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಮನೆಗಳ ಮುಂದಿನ ಕಾಲುವೆಯಲ್ಲಿ ಬೆಲ್ಲ, ತುಪ್ಪ ತೇಲಿ ಬರುತ್ತಿದ್ದವು. ಅಡಿವೆಪ್ಪ ಎಂಬವನು ಮನೆ ಮನೆಯ ಕದ ತಟ್ಟುತ್ತಿದ್ದ. ಮನೆಯವರು ಬೆಲ್ಲ ಒಳಗೆ ತೆಗೆದುಕೊಳ್ಳುತ್ತಿದ್ದರು. ಅವನಿಗೆ ಬಂಧು ಬಳಗ ಇರಲಿಲ್ಲ. ಬಾಗಿಲು ತೆರೆದಾಗ ಕಾಣುವ ಮುಖಗಳೇ ಬಳಗ.

ಬರಬರುತ್ತಾ ಜನ ಕೂತಲ್ಲೇ ಕೂತರು. ಒಳಗಿನ ಬೆಲ್ಲ ಕರಗಲಿಲ್ಲ, ಬಾಗಿಲು ತೆರೆಯಲಿಲ್ಲ. ಕಾಲುವೆ ಪಾಕವಾಯಿತು, ಅದರ ಗೋಡೆಗೆ ತುಪ್ಪ ಹೆಪ್ಪುಗಟ್ಟಿತು. ಊರಗೌಡ ಇನ್ನಷ್ಟು ತಟ್ಟುವವರನ್ನು ನೇಮಿಸಿದ. ಸದ್ದು ತಾಳಲಾರದೆ ಜನ ಕಿವಿಗೆ ಹತ್ತಿ ಇಟ್ಟುಕೊಂಡರು.

ಹೊನ್ನವ್ವ ಎಂಬ ಮುದುಕಿ ಗೌಡನ ಮುಂದೆ ನಿಂತಳು. "ಕಿವಿ ಕೆಟ್ಟಿಲ್ಲ ಗೌಡ. ಹೊಟ್ಟೆ ಹಸಿದಿಲ್ಲ."

ಅವಳು ದಿನಾ ಬೆಳಿಗ್ಗೆ ಊರನ್ನೆಲ್ಲ ಕೋಟೆ ಸುತ್ತ ನಡೆಸಿದಳು. ನಡೆಯುವಾಗ ಮಾತಾಡಬಹುದು, ಹಾಡಲು ಉಸಿರು ಉಳಿಯಬಾರದು. ಅದೇ ಅವಳ ಲೆಕ್ಕ. ಹಸಿದು ಬಂದವರು ತಟ್ಟುವ ಮೊದಲೇ ಕದ ತೆಗೆದರು. ಒಲೆಗಳು ತುಪ್ಪವನ್ನೂ ಉರಿಸಿದವು. ಕಾಲುವೆಯಲ್ಲಿ ಗೋಡೆಯ ತುಪ್ಪ ಕೆರೆದು ಒಯ್ಯುವ ಪುಟ್ಟ ದೋಣಿಗಳು ಹೆಚ್ಚಿದವು. ಕಾಲುವೆ ತಿಳಿಯಾಯಿತು. ಹೊಸದಾಗಿ ನೇಮಿಸಿದ್ದ ತಟ್ಟುವವರನ್ನೆಲ್ಲ ಮನೆಗೆ ಕಳಿಸಿದರು.

ಅಡಿವೆಪ್ಪ ಒಬ್ಬನೇ ಉಳಿದ. ಬೆರಳು ಸೋಕಿದರೆ ಸಾಕು, ಕದ ತೆರೆಯುತ್ತಿತ್ತು. ಒಳಗಿನವರು ಕೈ ಚಾಚಿ ಬೆಲ್ಲ ಎಳೆದುಕೊಳ್ಳುತ್ತಿದ್ದರು, ಮುಖ ಎತ್ತುತ್ತಿರಲಿಲ್ಲ. ಇಡೀ ದಿನ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಆ ಚಳಿಗಾಲ ಹೊನ್ನವ್ವ ತೀರಿಕೊಂಡಳು. ಗೌಡ ಅಡಿವೆಪ್ಪನನ್ನು ಕರೆಸಿದ. ಕಾಲುವೆ ಚೊಕ್ಕಟವಾಗಿದೆ, ಚಳಿ ಬೇರೆ. ಊರಿನವರು ಇನ್ನೂ ದಿನಾ ನಡೆಯಬೇಕೇ ಎಂದು ಕೇಳಿದ. ಊರಿನ ಕದಗಳ ಗುಟ್ಟು ಬಲ್ಲವನು ಅವನೊಬ್ಬನೇ.

ನಡೆಯಲೇಬೇಕು ಎಂಬ ಉತ್ತರ ಅಡಿವೆಪ್ಪನಿಗೆ ಗೊತ್ತಿತ್ತು. ಹೆಸರು ಹಿಡಿದು ಕರೆದಿದ್ದ ಗೌಡನ ಮುಖ ನೋಡಿದ.

"ನಾನಿದ್ದೀನಲ್ಲ," ಅಂದ.

ಊರು ಕೂತಿತು. ಮೊದಮೊದಲು ಅವನಿಗೆ ಹಬ್ಬ. ಕದ ಗಟ್ಟಿಯಾಗಿ ತಟ್ಟಬೇಕಾಯಿತು. ತೆಗೆದವರು, "ಬಾರಪ್ಪ ಅಡಿವೆಪ್ಪ, ನೀನಿಲ್ಲದಿದ್ದರೆ ನಮ್ಮ ಗತಿ ಏನು," ಎಂದು ಮಜ್ಜಿಗೆ ಕೊಟ್ಟರು. ಆಮೇಲೆ ಎರಡು ಕೈಯಲ್ಲಿ ತಟ್ಟಬೇಕಾಯಿತು. ಆಮೇಲೆ ಕಲ್ಲಿನಿಂದ. ಕಾಲುವೆಯಲ್ಲಿ ಮತ್ತೆ ತುಪ್ಪದ ಕೆನೆ ಕಂಡಿತು.

ಒಂದು ಬೆಳಿಗ್ಗೆ ಅವನು ಬೀದಿಯ ಕೊನೆಯ ಕದದ ಮುಂದೆ ನಿಂತಿದ್ದ. ಮುಷ್ಟಿ ಒಡೆದಿತ್ತು. ಎದ್ದು ನಡೆಯಿರಿ ಎಂದು ಕೂಗಿ ಕೂಗಿ ಗಂಟಲು ಬಿದ್ದಿತ್ತು. ತಟ್ಟುತ್ತಲೇ ಇದ್ದ.

ಒಳಗೆ ಹೆಂಗಸು, ಹೊರಗೇನೋ ಸದ್ದಾದ ಹಾಗಾಯಿತು ಅಂದಳು.

"ಸುಮ್ಮನೆ ಕೂತ್ಕೋ," ಅಂದ ಗಂಡ. "ಅಡಿವೆಪ್ಪ ಇದ್ದಾನಲ್ಲ. ಅವನು ಬಂದು ತಟ್ಟಿದಾಗ ತೆಗೆಯೋಣ."