ಹಳೆಯ ಹಾಳೆಯ ಹೆಸರು

ತಿಂಗಳ ಮೊದಲ ವಾರ. ದಾವಣಗೆರೆ ಪಿ.ಜೆ. ಬಡಾವಣೆಯ ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿ ಸುಧಾ ಕಂಪ್ಯೂಟರಿನಲ್ಲಿ ಹೋದ ತಿಂಗಳ ಹಾಳೆ ತೆರೆದಳು. ಹತ್ತು ಲಕ್ಷಕ್ಕೂ ಹೆಚ್ಚು ನಗದು ಜಮೆಯಾದ ಖಾತೆಗಳ ವರದಿಯನ್ನು ಸರ್ಕಾರಕ್ಕೆ ಕಳಿಸಬೇಕಿತ್ತು. ಖಾತೆ ಯಾರದು, ಹಣ ತಂದು ಕಟ್ಟಿದವರು ಯಾರು, ಎರಡನ್ನೂ ಬರೆಯಬೇಕು. ಸುಧಾ ಮೊತ್ತ, ದಿನಾಂಕ ಬದಲಿಸುತ್ತಿದ್ದಳು, ಹೆಸರುಗಳನ್ನು ಹಾಗೇ ಬಿಡುತ್ತಿದ್ದಳು. ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಅದಕ್ಕೆ ಅವಳಿಗೆ ಶಹಭಾಸ್‌ಗಿರಿಯೂ ಸಿಕ್ಕಿತ್ತು.

"ಮೇಡಂ, ಇದೊಂಚೂರು ನೋಡ್ರಿ."

ಎದುರಿಗೆ ಕೊಂಡಜ್ಜಿಯ ಅಂಜಿನಪ್ಪ ನಿಂತಿದ್ದ. ಮೆಕ್ಕೆಜೋಳದ ಮಂಡಿಯೊಂದರಲ್ಲಿ ಚಾಲಕನಾಗಿದ್ದಾಗ ಸಾಹುಕಾರರ ಹಣ ತಂದು ಕಟ್ಟುತ್ತಿದ್ದವನು. ಕೈಯಲ್ಲಿ ತೆರಿಗೆ ಕಚೇರಿಯ ನೋಟಿಸ್ ಇತ್ತು.

"ಮಂಡಿ ಬಿಟ್ಟು ಎಂಟು ತಿಂಗ್ಳಾತು. ಈಗ್ಲೂ ನಾನೇ ಲಕ್ಷಗಟ್ಲೆ ಕಟ್ತೀನಂತೆ! ಹರಿಹರದಾಗ ಎಟಿಎಂಗೆ ದುಡ್ಡು ಒಯ್ಯೋ ಗಾಡಿಗೆ ಡ್ರೈವರ್ ಕೆಲ್ಸ ಸಿಕ್ಕೈತೆ. ಸೋಮವಾರದೊಳಗೆ ಇದು ಬಗೆಹರೀದಿದ್ರೆ ಬರಬ್ಯಾಡ ಅಂದಾರ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾತು."

ಸುಧಾ ಎಂಟು ತಿಂಗಳ ಜಮಾ ಚೀಟಿಗಳನ್ನು ತರಿಸಿದಳು. ಮಂಡಿಯ ಪ್ರತಿ ಚೀಟಿಯಲ್ಲೂ ಹಣ ಕಟ್ಟಿದ ಹೊಸ ಚಾಲಕನ ಹೆಸರು ಅಕೀಬ್ ಎಂದು ದುಂಡಗೆ ಬರೆದಿತ್ತು. ಅವಳ ವರದಿಯಲ್ಲಿ ಮಾತ್ರ ಅಂಜಿನಪ್ಪ. ಅವಳಿಗೆ ತೀರಾ ನಾಚಿಕೆಯಾಯಿತು.

ಅವಳು ಹೇಳಿದ್ದನ್ನು ಕೇಳಿ ಮ್ಯಾನೇಜರ್ ರವಿಚಂದ್ರ ತಮ್ಮ ಕೋಣೆಯ ಬಾಗಿಲು ಮುಂದಕ್ಕೆ ಮಾಡಿ ಕೂತರು.

"ಮುಂದಿನ ತಿಂಗ್ಳಿಂದ ಸರಿ ಮಾಡ್ರಿ, ಸಾಕು. ಹಳೇದು ಕೆದಕಿದ್ರೆ ಹೆಡ್ ಆಫೀಸ್ನೋರು ನಿಮ್ಮನ್ನೇ ಕೇಳ್ತಾರ. ನಿಮ್ಮ ಪ್ರಮೋಷನ್ ಬೇರೆ ಐತೆ. ನೋಡ್ದೆ ಸಹಿ ಹಾಕಿದೋನು ನಾನೂ ಹೌದು. ನೋಟಿಸ್‌ಗೆ ಅಂಜಿನಪ್ಪನೇ ಉತ್ತರ ಕೊಟ್ಕೊಳ್ಳಲಿ. ತಪ್ಪಿಲ್ಲ ಅಂದ್ಮೇಲೆ ಭಯ ಯಾಕ?"

"ತಪ್ಪು ಮಾಡಿದ ನಮಗೇ ಇಷ್ಟು ಭಯ ಐತಲ್ಲ ಸರ್. ಅವ್ರಿಗೆ ಕೆಲ್ಸಾನೇ ಹೋಗ್ತೈತೆ."

ಸುಧಾ ಎರಡು ದಿನ ಕೂತು ಎಂಟೂ ತಿಂಗಳ ತಿದ್ದುಪಡಿ ಸಿದ್ಧಪಡಿಸಿದಳು. ಕಾರಣ ಕೇಳಿದ ಜಾಗದಲ್ಲಿ, ಚೀಟಿ ನೋಡದೆ ಹಿಂದಿನ ತಿಂಗಳ ಹೆಸರನ್ನು ನಕಲು ಮಾಡಿದ್ದು ನಾನು ಎಂದು ಬರೆದಳು. ರವಿಚಂದ್ರ ಅದನ್ನು ಎರಡು ಸಲ ಓದಿ ಸಹಿ ಹಾಕಿದರು.

ಶುಕ್ರವಾರ ಬಂದ ಅಂಜಿನಪ್ಪನಿಗೆ ಅವಳು ಬ್ಯಾಂಕಿನ ಪತ್ರ ಕೊಟ್ಟಳು.

"ಯಾರ್ ತಪ್ಪು ಅಂತ ಬರ್ದೀರಿ?" ಅವನು ಕೇಳಿದ.

"ನಂದು ಅಂತ."

ಅಂಜಿನಪ್ಪ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ. "ಮೊದ್ಲು ಮನ್ಯಾಗ ತೋರಿಸ್ಬೇಕು ಮೇಡಂ. ಏನೂ ಮಾಡ್ದೆ ಸರ್ಕಾರ ಸುಮ್‌ಸುಮ್ನೆ ಕಾಗದ ಕಳಿಸ್ತೈತಾ ಅಂತ ನನ್ನ ಹೆಂಡ್ತೀನೇ ಕೇಳಿದ್ಲು."

ಸುಧಾಳಿಗೆ ತಲೆ ಎತ್ತಲಾಗಲಿಲ್ಲ.

ಮುಂದಿನ ತಿಂಗಳು ಬಡ್ತಿಯ ಪಟ್ಟಿ ಬಂತು. ಅದರಲ್ಲಿ ಅವಳ ಹೆಸರಿರಲಿಲ್ಲ. ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು. ಆ ದಿನವೇ ವರದಿಯ ಕೆಲಸವೂ ಇತ್ತು. ಅವಳು ಖಾಲಿ ಹಾಳೆ ತೆರೆದು, ಚೀಟಿಗಳ ಕಟ್ಟು ಬಿಚ್ಚಿ, ಒಂದೊಂದೇ ಹೆಸರು ಓದಿ ಬರೆಯತೊಡಗಿದಳು. ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.

ಡಬ್ಬಿ ಹಿಡಿದು ಎದ್ದಾಗ, ಹೊರಗೆ ಎಟಿಎಂ ಮುಂದೆ ಹರಿಹರದ ಗಾಡಿ ನಿಂತಿದ್ದು ಕಿಟಕಿಯಿಂದ ಕಂಡಿತು. ಚಾಲಕನ ಸೀಟಿನಲ್ಲಿದ್ದ ಅಂಜಿನಪ್ಪ ಅವಳನ್ನು ನೋಡಿ ಕೈ ಎತ್ತಿದ.