ಅಂಗಡಿಸಾಲಿನ ಹನ್ನೊಂದನೇ ಅಡಿ

ವಾರ್ಡ್ ಸಭೆ ಶಾಲೆಯ ಕೋಣೆಯಲ್ಲಿ ಸೇರಿತ್ತು. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮುದುರಿಕೊಂಡು ಕೂತಿದ್ದರು. ಹೊಲಿಗೆ ಅಂಗಡಿಯ ಹುಡುಗಿ ಸೋದರತ್ತೆಯ ಬೆನ್ನ ಹಿಂದೆ ಅಡಗಿದಂತೆ ಕೂತಿದ್ದಳು.

ನಗರಸಭೆಯ ಇಂಜಿನಿಯರು ಹಾಳೆ ನೋಡಿಕೊಂಡು ಓದಿದರು. ಸೋಮವಾರದಿಂದ ಹೊಸ ಚರಂಡಿಯ ಕೆಲಸ. ಮೂಲೆಯ ಬೀದಿದೀಪ ರಿಪೇರಿಯಾಗಿದೆ. ಅಂಗಡಿಸಾಲಿನ ಐದೂ ಅಂಗಡಿಗಳು ಹಿಂಗೋಡೆಯಿಂದ ಮೆಟ್ಟಿಲವರೆಗೆ ಹತ್ತಡಿ ಇರಬೇಕಾದದ್ದು ಹನ್ನೊಂದಡಿ ಇವೆ. ಮುಂದಿನ ಒಂದಡಿ ಒಡೆಯಲಾಗುವುದು.

ಹುಡುಗಿ ಅತ್ತೆಯ ಸೆರಗು ಹಿಡಿದಳು. ಹೊಲಿಗೆ ಯಂತ್ರ ಇದ್ದದ್ದು ಆ ಮುಂದಿನ ಬೆಳಕಿನಲ್ಲಿ. ಅದರ ಹಿಂದೆ ಹಗಲಲ್ಲೂ ಸೂಜಿಗೆ ದಾರ ಪೋಣಿಸಲಾಗದಷ್ಟು ಕತ್ತಲು. ಆ ಒಂದಡಿ ಹೋದರೆ ಅತ್ತೆ ಸೊಸೆಯರ ಅನ್ನವೇ ಹೋದಂತೆ.

ಕ್ಷೌರದಂಗಡಿಯವನು ಎದ್ದ. "ಅಲ್ಲ ಸಾರ್, ಐದು ಜನಾನೂ ಮಾತಾಡಿಕೊಂಡು ಒಂದೊಂದೇ ಅಡಿ ಕದ್ವಾ? ಇಷ್ಟು ಅಚ್ಚುಕಟ್ಟಾಗಿ ಕದಿಯೋ ಕಳ್ಳರು ಎಲ್ಲಿದ್ದಾರೆ?"

"ದಾಖಲೆ ಹಾಗೇ ಇದೆ," ಎಂದರು ಇಂಜಿನಿಯರು.

ಐವರದೂ ಒಂದೇ ಅಡಿ ಎಂದಾಗಲೇ ಹುಡುಗಿಗೆ ಹೊಳೆದದ್ದು. ನಗರಸಭೆಯ ಅಳತೆಯವನು ಗುಮಾಸ್ತನ ಜೊತೆ ಅಳೆಯಲು ಬಂದ ದಿನ ಟೇಪಿನ ತುದಿ ಹರಿದಿದ್ದನ್ನು ಅವಳು ನೋಡಿದ್ದಳು. ಗೋಡೆಗೆ ಹಿಡಿದ ತುದಿಯಲ್ಲಿ ಇದ್ದದ್ದು ಸೊನ್ನೆಯಲ್ಲ, ಒಂದು. ದಿನವಿಡೀ ಅಳತೆ ಹಿಡಿಯುವವಳ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಕೇಳಲು ಆಗ ಬಾಯಿ ಬಂದಿರಲಿಲ್ಲ.

ಅತ್ತೆಯ ಕಿವಿಯಲ್ಲಿ ಉಸುರಿದಳು.

"ನೋಡಿದ್ದು ನೀನು, ಹೇಳೋಕೆ ನಾನಾ? ನನ್ನ ಬಾಯಿ ಬಾಡಿಗೆಗಿಲ್ಲ. ಏಳೇ!" ಎಂದು ಅತ್ತೆ ತೊಡೆ ಚಿವುಟಿದಳು.

ಹುಡುಗಿ ಎದ್ದು ನಿಂತಳು. "ಸಾರ್... ನಿಮ್ಮ ಟೇಪಿಗೆ ತಲೆ ಇಲ್ಲ."

ಕೋಣೆಯೆಲ್ಲ ಘೊಳ್ಳೆಂದಿತು. ಇಂಜಿನಿಯರು ಮಾತ್ರ ನಗಲಿಲ್ಲ. ಪಕ್ಕದಲ್ಲಿದ್ದ ಅಳತೆಯವನಿಂದ ಚೀಲ ಇಸಿದುಕೊಂಡು ಟೇಪು ಎಳೆದರು. ಮೊದಲ ಅಡಿಯೇ ಇರಲಿಲ್ಲ.

ಅಳತೆಯವನು ತಲೆ ಕೆರೆದುಕೊಂಡ. "ನಾನು ಕಂಡ ಅಂಕಿ ಕೂಗ್ತೀನಿ ಸಾರ್. ಹಳೇ ಗುಮಾಸ್ತರು ಒಂದು ಕಳೆದು ಬರ್ಕೋತಿದ್ರು. ಈ ಹೊಸಬರೂ ಕಳೀತಾರೆ ಅಂದ್ಕೊಂಡೆ."

"ನೀವು ಕಳೆದೇ ಕೂಗ್ತೀರಿ ಅಂತ ನಾನು ಹಾಗೇ ಬರ್ಕೊಂಡೆ," ಎಂದ ಹೊಸ ಗುಮಾಸ್ತ.

"ಚೆನ್ನಾಗಿದೆ ಕಣ್ರಪ್ಪಾ! ಅವನು ಇವನನ್ನ ನಂಬಿದ, ಇವನು ಅವನನ್ನ ನಂಬಿದ, ಬೀದಿಗೆ ಬರ್ತಿದ್ದವರು ನಾವು," ಎಂದಳು ಅತ್ತೆ.

ಸಭೆಗೆ ಸಭೆಯೇ ಎದ್ದು ಅಂಗಡಿಸಾಲಿಗೆ ನಡೆಯಿತು. ಜನರಲ್ಲಿದ್ದ ಬಡಗಿಯೊಬ್ಬ ತನ್ನ ಟೇಪು ಕೊಟ್ಟ. "ಹತ್ತು," ಎಂದರು ಇಂಜಿನಿಯರು. ಮುಂದಿನದೂ ಹತ್ತು. ಐದನೆಯದಕ್ಕೆ ಜನರೇ ಒಟ್ಟಾಗಿ "ಹತ್ತು!" ಎಂದು ಕೂಗಿದರು. ಇಂಜಿನಿಯರು ಹಾಳೆಯಲ್ಲಿದ್ದ ಒಡೆಯುವ ಮಾತಿನ ಮೇಲೆ ಗೆರೆ ಎಳೆದು ರುಜು ಹಾಕಿದರು. ನಿವಾಸಿಗಳ ಪರವಾಗಿ ಹುಡುಗಿಯಿಂದಲೂ ರುಜು ಹಾಕಿಸಿಕೊಂಡರು. ಅವಳ ಅಕ್ಷರಗಳು ಗುಡ್ಡ ಹತ್ತಿದಂತೆ ಮೇಲಕ್ಕೆ ಹೋದವು.

"ಇನ್ನು ಪ್ರತಿ ಸಭೆಗೂ ನೀನೇ ಹೋಗು," ಎಂದಳು ಅತ್ತೆ.

"ಅಯ್ಯೋ ಅತ್ತೆ, ಕಾಲು ಇನ್ನೂ ನಡುಗ್ತಿದೆ."

"ನಡುಗಲಿ ಬಿಡು."

ಹುಡುಗಿ ಮೆಟ್ಟಿಲ ಮೇಲೆ ಕುಸಿದು ಕೂತು ಒಂದು ಚೊಂಬು ನೀರನ್ನು ಗಟಗಟ ಕುಡಿದಳು.