ಏಳುನೂರು ಗ್ರಾಂ

ಮೂರೂವರೆ ಗಂಟೆ ಬಿಸಿಲಿನಲ್ಲಿ ಓಡಿ, ಕೆನ್ನೆಯ ಮೇಲೆ ಉಪ್ಪು ಬಿಳಿಬಿಳಿಯಾಗಿ ಒಣಗಿ, ಮನೆಯ ಹೊಸ್ತಿಲಿಗೆ ಬಂದು ಕುಸಿದು ಕೂತ ಹೆಂಗಸಿನ ತೂಕ ಏಳುನೂರು ಗ್ರಾಂ ಹೆಚ್ಚಾಗಿತ್ತು. ಕಡಿಮೆಯಲ್ಲ, ಹೆಚ್ಚು. ಬೇರೆ ಯಾರಾದರೂ ಆಗಿದ್ದರೆ "ಹಾಳಾದ್ದು ಯಂತ್ರ" ಎಂದು ಬೈದು ಸ್ನಾನಕ್ಕೆ ಹೋಗುತ್ತಿದ್ದರು. ಇವಳು ಹೋಗುವ ಪೈಕಿಯಲ್ಲ. ಇವಳ ಕಸುಬೇ ತಕ್ಕಡಿ ರಿಪೇರಿ.

ಅಂಗಡಿಯ ಕೌಂಟರಿನ ಮೇಲಿರುವ ಪುಟ್ಟ ತಕ್ಕಡಿಯಿಂದ ಹಿಡಿದು ಗೋದಾಮಿನಲ್ಲಿ ಮೂಟೆ ತೂಗುವ ಯಂತ್ರದವರೆಗೆ ಆ ಊರಿನಲ್ಲಿ ಯಾವುದು ಕೈಕೊಟ್ಟರೂ ಇವಳ ಮುಂದಿನ ಕೋಣೆಗೇ ಬರಬೇಕು. ತೂಗಿ ನೋಡದ ಯಾವ ಮಾತನ್ನೂ ನಂಬುವವಳಲ್ಲ. ಹಾಲಿನ ಪ್ಯಾಕೆಟ್ಟನ್ನೂ ತೂಗುತ್ತಾಳೆ, ಪಕ್ಕದ ಮನೆಯ ಕೂಸನ್ನೂ ತೂಗುತ್ತಾಳೆ. ಹೋಗಲಿ ಬಿಡಿ, ಒಬ್ಬೊಬ್ಬರದು ಒಂದೊಂದು ಹುಚ್ಚು. ಇವಳ ಎರಡನೇ ಹುಚ್ಚು ಓಟ.

ಮನೆಯಲ್ಲಿ ಇಬ್ಬರೇ, ಇವಳು ಮತ್ತು ಇವಳ ಅಕ್ಕ. ಅಕ್ಕ ಸಿಟಿ ಬಸ್ಸಿನ ಡ್ರೈವರ್. ಅಮ್ಮ ತೀರಿಕೊಂಡಾಗ ತಂಗಿಗೆ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಂದಿನಿಂದ ತಂಗಿ ತಿಂದಳೋ ಇಲ್ಲವೋ, ಮಲಗಿದಳೋ ಇಲ್ಲವೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಅಕ್ಕನ ಖಾಯಂ ಡ್ಯೂಟಿ. ತಂಗಿಗೆ ಈಗ ನಲವತ್ತೊಂದಾದರೂ ಆ ಡ್ಯೂಟಿಗೆ ನಿವೃತ್ತಿ ಇಲ್ಲ.

ಹೋದ ವರ್ಷದ ನಲವತ್ತೆರಡು ಕಿಲೋಮೀಟರಿನ ಓಟದಲ್ಲಿ, ಅಕ್ಕ ದಾರಿಯುದ್ದಕ್ಕೂ ನೀರು ಕುಡಿಸುತ್ತಲೇ ಇದ್ದರೂ, ತಂಗಿ ಇಪ್ಪತ್ತೊಂಬತ್ತನೇ ಕಿಲೋಮೀಟರಿನ ಕಲ್ಲಿನ ಹತ್ತಿರ ವಾಂತಿ ಮಾಡಿಕೊಂಡು ಬಿದ್ದಳು. ನಾಲ್ಕು ಜನ ಎತ್ತಿಕೊಂಡು ಹೋದರು. ಅದನ್ನು ನೋಡಿದ ಅಕ್ಕನ ಜೀವ ಬಾಯಿಗೆ ಬಂದಿತ್ತು. "ಬಿಸಿಲು ಹೊಡೆದಿದೆ, ನೀರು ಸಾಲಲಿಲ್ಲ" ಎಂದು ನೋಡಿದವರೆಲ್ಲ ಹೇಳಿದರು. ಅಕ್ಕ ಅದನ್ನು ಗಂಟು ಹಾಕಿಕೊಂಡಳು.

"ಈ ವರ್ಷವೂ ಓಡ್ತೀಯಾ? ಓಡು. ಆದ್ರೆ ನಾನು ಕೊಟ್ಟಷ್ಟು ನೀರು ಕುಡೀಬೇಕು. ಇನ್ನೊಂದು ಸಲ ಬಿದ್ದೆ ಅಂದ್ರೆ ಆ ಬೂಟು ಒಲೆಗೆ ಹಾಕ್ತೀನಿ, ನೋಡ್ತಿರು."

ಅಕ್ಕ ಬರಿಯ ಬಾಯಿಮಾತಿಗೆ ಹೇಳುವವಳಲ್ಲ. ಹಿಂದೊಮ್ಮೆ ತಂಗಿ ಸಿಗರೇಟು ಸೇದಿದ್ದಕ್ಕೆ ಸಿಗರೇಟಿನ ಜೊತೆಗೆ ಅದನ್ನಿಟ್ಟಿದ್ದ ಕೈಚೀಲವನ್ನೂ ಸುಟ್ಟಿದ್ದಳು.

ಓಟ ಶುರುವಾಗುವುದು ಬೆಳಿಗ್ಗೆ ಏಳಕ್ಕೆ, ಮುಗಿಯುವಾಗ ಮಧ್ಯಾಹ್ನ. ಬೇಸಿಗೆಯ ತುದಿಯಲ್ಲಿ. ಹಾಗಾಗಿ ಅಭ್ಯಾಸವೂ ಬಿಸಿಲಿನಲ್ಲೇ ಆಗಬೇಕು, ಮೈ ಒಗ್ಗಬೇಕು. ಪ್ರತಿ ಭಾನುವಾರ ತಂಗಿ ಇಪ್ಪತ್ತೆಂಟು ಕಿಲೋಮೀಟರ್ ಓಡುತ್ತಾಳೆ, ಹಿಂದೆ ಸ್ಕೂಟರಿನಲ್ಲಿ ಅಕ್ಕ. ನಾಲ್ಕು ಕಿಲೋಮೀಟರಿಗೊಂದು ಅರ್ಧ ಲೀಟರ್ ಬಾಟಲಿ. ಕುಡಿದ ಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ ತೋರಿಸಬೇಕು, ಒಂದು ಹನಿ ಬಿದ್ದರೂ ಬೈಗುಳ. ಒಟ್ಟು ಏಳು ಬಾಟಲಿ. ನಾಲ್ಕನೆಯದು ಮುಗಿಯುವಷ್ಟರಲ್ಲಿ ತಂಗಿಯ ಹೊಟ್ಟೆಯೊಳಗೆ ನೀರು ಗಡಗಡ ಸದ್ದು ಮಾಡುತ್ತಿತ್ತು. ಆರನೆಯದಕ್ಕೆ ವಾಕರಿಕೆ, ತಲೆಯೊಳಗೆ ಸುತ್ತಿಗೆ. ಬಿಸಿಲು ಎಂದರೆ ಹೀಗೇ ಇರಬೇಕು ಎಂದುಕೊಂಡು ಅವಳು ಹಲ್ಲು ಕಚ್ಚಿ ಕುಡಿಯುತ್ತಿದ್ದಳು.

ನಿಜವಾಗಿ ಎಷ್ಟು ಬೆವರುತ್ತೇನೆ ಎಂದು ತಿಳಿಯಬೇಕೆನ್ನಿಸಿ, ಅಂದು ಓಡುವ ಮುಂಚೆ ಮೂಟೆ ತೂಗುವ ಯಂತ್ರ ಹತ್ತಿದ್ದಳು. ಐವತ್ತೊಂದು ಕಿಲೋ ಸರಿಯಾಗಿ. ಬಂದ ಮೇಲೆ ಐವತ್ತೊಂದು ಕಿಲೋ ಏಳುನೂರು ಗ್ರಾಂ.

"ಅಕ್ಕ, ಓಡಿದ್ರೆ ದಪ್ಪ ಆಗ್ತಾರಾ?"

"ತಲೆ ಕೆಟ್ಟಿದ್ಯಾ? ಹೋಗಿ ಸ್ನಾನ ಮಾಡೇ" ಎಂದಳು ಅಕ್ಕ, ಸೋಫಾದಲ್ಲಿ ಹಣೆ ಒತ್ತಿಕೊಳ್ಳುತ್ತ. ಭಾನುವಾರ ಬಂತೆಂದರೆ ಅಕ್ಕನಿಗೂ ತಲೆನೋವು. ನಿನ್ನ ಚಿಂತೆಯಿಂದಲೇ ಬರುವುದು ಎನ್ನುತ್ತಿದ್ದಳು.

ಸೋಮವಾರ ತಂಗಿ ಯಂತ್ರವನ್ನು ಬಿಚ್ಚಿ ಹಾಕಿದಳು. ಗಿರಾಕಿಗಳ ಎರಡು ತಕ್ಕಡಿ ಕಾಯುತ್ತಿದ್ದವು, ಕಾಯಲಿ. ನೆಲ ಓರೆಯಿದೆಯೇ ಎಂದು ರಸಮಟ್ಟ ಇಟ್ಟು ನೋಡಿದಳು, ಗುಳ್ಳೆ ನಟ್ಟನಡುವೆ ನಿಂತಿತು. ಸರ್ಕಾರದ ಮುದ್ರೆಯಿದ್ದ ಇಪ್ಪತ್ತು ಕಿಲೋದ ಕಬ್ಬಿಣದ ತೂಕಗಳನ್ನು ಒಂದಾದ ಮೇಲೊಂದು ಹೇರಿದಳು. ಇಪ್ಪತ್ತು, ನಲವತ್ತು, ಅರವತ್ತು. ಒಂದು ಗ್ರಾಮೂ ಆಚೀಚೆ ಇಲ್ಲ. ಬೆವರಿನ ಬಟ್ಟೆಯ ತೂಕ ಸೇರಿತೋ ಎಂದರೆ, ಎರಡು ಸಲವೂ ಅದೇ ಒಣ ನೈಟಿ ಹಾಕಿಕೊಂಡೇ ಹತ್ತಿದ್ದಳು. ಅಷ್ಟಾದರೂ ಅವಳ ಅನುಮಾನ ಯಂತ್ರದ ಮೇಲೆಯೇ. ಇಪ್ಪತ್ತು ವರ್ಷ ಕೆಟ್ಟ ತಕ್ಕಡಿಗಳನ್ನೇ ನೋಡಿದ ಕಣ್ಣು, ಕೆಟ್ಟಿದ್ದೆಲ್ಲ ತಕ್ಕಡಿಯೇ ಎನ್ನುತ್ತದೆ. ಮನುಷ್ಯ ಕೆಟ್ಟಿರಬಹುದು ಎಂದು ಹೊಳೆಯುವುದಿಲ್ಲ. ಬೆಳಗಿನ ತಂಪಿನಲ್ಲಿ ಒಂದು ತರಹ, ಹತ್ತು ಗಂಟೆಯ ಸೆಕೆಯಲ್ಲಿ ಒಂದು ತರಹ ತೋರಿಸುತ್ತಿರಬಹುದು ಎಂದು ಅವಳೇ ಒಂದು ಕಾರಣ ಹುಡುಕಿಕೊಂಡಳು.

ಹಾಗಿದ್ದರೆ ಕಬ್ಬಿಣದ ತೂಕ ಸಾಲದು, ತನ್ನ ಜೊತೆಗೇ ಬಿಸಿಲಿಗೆ ಹೋಗಿ ಬಂದರೂ ಓಡದ ಇನ್ನೊಂದು ಮೈ ಬೇಕು. ಮನೆಯಲ್ಲಿ ಅಂಥದ್ದು ಒಂದೇ ಇತ್ತು.

"ಅಕ್ಕ, ಇಲ್ಲಿ ಬಾ. ಇದರ ಮೇಲೆ ನಿಲ್ಲು" ಎಂದಳು ಮುಂದಿನ ಭಾನುವಾರ ಬೆಳಿಗ್ಗೆ.

"ನಾನೇನು ಮೂಟೆನಾ?"

"ಹೂಂ, ಮೂಟೆ. ಬೇಗ ಹತ್ತು, ಹೊತ್ತಾಯ್ತು."

ಅರವತ್ತೆಂಟು ಕಿಲೋ ನಾನೂರು ಗ್ರಾಂ. ಅಕ್ಕ ಯಾರಿಗೂ ಹೇಳಬೇಡ ಎಂದು ಕಣ್ಣು ಬಿಟ್ಟು, ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಂಡು, ಹೆಲ್ಮೆಟ್ ಏರಿಸಿ ಹೊರಟಳು.

ಅಂದಿನ ಬಿಸಿಲು ಅಯ್ಯಪ್ಪಾ, ಕೇಳಬೇಡಿ. ಎಂಟು ಗಂಟೆಗೇ ಟಾರು ಮೆತ್ತಗಾಗಿತ್ತು. ಯಾವ ಬೀದಿಯಲ್ಲಿ ಯಾವ ಗೋಡೆಯ ನೆರಳು ಎಷ್ಟು ಹೊತ್ತು ಇರುತ್ತದೆ ಎಂದು ತಂಗಿಗೆ ಬಾಯಿಪಾಠ. ಛಾಪಾಖಾನೆಯ ಗೋಡೆಗೆ ಅಂಟಿಕೊಂಡು, ಆಸ್ಪತ್ರೆಯ ಕಾಂಪೌಂಡಿನ ಮರಗಳ ಕೆಳಗೆ, ಎಳೆದು ಎಳೆದು ಹೆಜ್ಜೆ ಹಾಕುತ್ತ ಓಡಿದಳು. ಗೋದಾಮುಗಳ ರಸ್ತೆಯಲ್ಲಿ ನೆರಳೇ ಇಲ್ಲ, ಅಲ್ಲಿ ಬಟ್ಟೆ ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡಳು. ಪ್ರತಿ ನಾಲ್ಕು ಕಿಲೋಮೀಟರಿಗೂ ಅಕ್ಕ ಮುಂದೆ ಹೋಗಿ, ಬಿಸಿಲಲ್ಲೇ ಗಾಡಿ ನಿಲ್ಲಿಸಿಕೊಂಡು, ಬಾಟಲಿ ಹಿಡಿದು ಕಾಯುತ್ತಿದ್ದಳು. "ಪೂರ್ತಿ, ಪೂರ್ತಿ! ತಲೆಕೆಳಗು ಮಾಡು!" ಕೊನೆಯ ಬಾಟಲಿಯ ಹೊತ್ತಿಗೆ ಬೆರಳು ಊದಿ, ಅಮ್ಮನ ಉಂಗುರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಮನೆಗೆ ಬಂದು ಒಣ ನೈಟಿ ಹಾಕಿ ಹತ್ತಿದಳು. ಐವತ್ತೊಂದು ಕಿಲೋ ಆರುನೂರು.

"ಕೆಟ್ಟೇ ಇದೆ ಯಂತ್ರ. ಅಕ್ಕ, ನೀನು ಹತ್ತು."

ಅಕ್ಕ ಹತ್ತಿದಳು. ಅರವತ್ತೇಳು ಕಿಲೋ ಇನ್ನೂರು. ಅದೂ ಬೆವರಿನಲ್ಲಿ ತೊಯ್ದ ಅಂಗಿಯ ಸಮೇತ.

ತಂಗಿ ಯಂತ್ರದ ಅಂಕಿಯನ್ನು ಇನ್ನೊಮ್ಮೆ ಓದಿದಳು. ಯಂತ್ರ ಕೆಟ್ಟಿದ್ದರೆ ಇಬ್ಬರಿಗೂ ಹೆಚ್ಚು ತೋರಿಸಬೇಕಿತ್ತು, ಇಲ್ಲವೇ ಇಬ್ಬರಿಗೂ ಕಡಿಮೆ. ಒಬ್ಬಳಿಗೆ ಹೆಚ್ಚು, ಇನ್ನೊಬ್ಬಳಿಗೆ ಕಡಿಮೆ ತೋರಿಸುವ ಯಂತ್ರ ಸುಳ್ಳು ಹೇಳುತ್ತಿಲ್ಲ.

"ಅಕ್ಕ, ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದೆ?"

"ನಾನ್ಯಾಕೆ ಕುಡೀಲಿ? ಓಡಿದ್ದು ನೀನು. ನಾನು ಗಾಡಿ ಮೇಲೆ ಕೂತಿದ್ದೆ."

"ಒಂದು ಗುಟುಕೂ ಇಲ್ವಾ?"

"ದಾರೀಲಿ ನೀರು ಕುಡಿದ್ರೆ ಇಳಿಯೋದು ಎಲ್ಲೇ? ಬಸ್ಸಲ್ಲಿ ಇಪ್ಪತ್ತೆರಡು ವರ್ಷ ಹಾಗೇ ಕಳೆದಿದೀನಿ. ಕೊನೇ ಸ್ಟಾಪಲ್ಲಿ ಗಂಡಸರು ಗೋಡೆ ನೋಡ್ಕೋತಾರೆ, ನಾನೇನು ಮಾಡ್ಲಿ? ಹೊರಡೋ ಮುಂಚೆ ಬಾಯಿಗೆ ಬೀಗ. ಅಭ್ಯಾಸ ಆಗಿದೆ ಬಿಡು."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಹಾಲಿನ ಪ್ಯಾಕೆಟ್ಟನ್ನೂ ಬಿಡದೆ ತೂಗಿದವಳಿಗೆ ಅಕ್ಕನ ಭಾನುವಾರದ ತಲೆನೋವು ಎಲ್ಲಿಂದ ಬರುತ್ತದೆ ಎಂದು ಕೇಳಬೇಕೆನ್ನಿಸಿರಲಿಲ್ಲ.

ಮರುದಿನ ಔಷಧಿ ಅಂಗಡಿಯ ತಕ್ಕಡಿ ಕೊಡಲು ಹೋದಾಗ, ಅಂಗಡಿಯ ಹೆಂಗಸಿಗೆ ಎಲ್ಲವನ್ನೂ ಹೇಳಿದಳು. ಆಕೆ ಕನ್ನಡಕ ತೆಗೆದಿಟ್ಟು ಕೂತರು.

"ವಾಕರಿಕೆ, ತಲೆನೋವು, ಬೆರಳು ಊದೋದು? ಅದರ ಮೇಲೆ ತೂಕ ಬೇರೆ ಜಾಸ್ತಿ? ರೀ, ನೀವು ಬೆವರಿದ್ದಕ್ಕಿಂತ ಜಾಸ್ತಿ ಕುಡೀತಿದೀರ. ಬರೀ ನೀರು ಹೊಯ್ದು ಹೊಯ್ದು ರಕ್ತದಲ್ಲಿರೋ ಉಪ್ಪನ್ನ ತೆಳು ಮಾಡ್ಕೊಂಡಿದೀರ. ಅದು ತಮಾಷೆ ಅಲ್ಲ, ಜೀವಕ್ಕೇ ಕುತ್ತು. ಡಾಕ್ಟರಿಗೆ ತೋರಿಸಿ. ಆಮೇಲೆ, ಬಾಯಾರಿದಾಗ ಕುಡೀರಿ, ಬಾಯಾರದೆ ಇದ್ರೆ ಬೇಡ. ಅಷ್ಟೇ."

ಡಾಕ್ಟರೂ ಅದನ್ನೇ ಹೇಳಿದರು, ಬೈಗುಳದ ಜೊತೆಗೆ. ಹೋದ ವರ್ಷ ಬಿದ್ದದ್ದೂ ಬಹುಶಃ ಇದಕ್ಕೇ ಎಂದರು.

ಈಗ ಇದನ್ನು ಅಕ್ಕನಿಗೆ ಹೇಳುವುದು ಹೇಗೆ? ತಂಗಿ ಎರಡು ದಿನ ತುಟಿ ಪಿಟಕ್ಕೆನ್ನಲಿಲ್ಲ. ಮೂರನೇ ದಿನ ಡ್ಯೂಟಿ ಮುಗಿಸಿ ಬಂದ ಅಕ್ಕ ಹೊಸ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಮುಕ್ಕಾಲು ಲೀಟರಿನವು.

"ಭಾನುವಾರದ ಓಟಕ್ಕೆ ಇವು. ಅರ್ಧ ಲೀಟರ್ ಸಾಲ್ತಿಲ್ಲ ನಿಂಗೆ, ಮುಖ ನೋಡಿದ್ರೆ ಗೊತ್ತಾಗುತ್ತೆ."

ಇನ್ನು ತಡೆಯುವುದಾಗಲಿಲ್ಲ. ತಂಗಿ ಹೇಳಿಬಿಟ್ಟಳು, ಯಂತ್ರದ್ದು, ಔಷಧಿ ಅಂಗಡಿಯದ್ದು, ಡಾಕ್ಟರದ್ದು, ಎಲ್ಲ.

ಅಕ್ಕ ಕೇಳುತ್ತ ಕೇಳುತ್ತ ಒಂದು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದಳು. "ಅಂದ್ರೆ ಹೋದ್ವರ್ಷ ಬಿಸಿಲು ಅಲ್ಲ. ನಾನೇ ಬೀಳಿಸ್ದೆ."

"ಹಾಗಲ್ಲ ಅಕ್ಕ, ನಿಂಗೇನು ಗೊತ್ತಿತ್ತು..."

"ಕೈಯಾರೆ ಕುಡಿಸಿ ಕೈಯಾರೆ ಬೀಳಿಸ್ದೆ. ಅಷ್ಟೇ ತಾನೇ?" ಅಕ್ಕ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಅಟ್ಟದ ಮೇಲೆ ಎಸೆದಳು. "ನಂಗೆ ಭಾನುವಾರ ಡ್ಯೂಟಿ ಇದೆ. ನೀನುಂಟು, ನಿನ್ನ ಓಟ ಉಂಟು."

ಆಮೇಲೆ ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ತಟ್ಟೆ ಇಡುವ ಸದ್ದು ಮಾತ್ರ. ಅಕ್ಕ ಬೈದಿದ್ದರೆ ತಂಗಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಓಟದ ದಿನ ತಂಗಿ ಒಬ್ಬಳೇ ಹೋದಳು. ಸೊಂಟಕ್ಕೆ ಒಂದು ಸಣ್ಣ ಬಾಟಲಿ, ಅದರಲ್ಲಿ ಚೂರು ಉಪ್ಪು ಹಾಕಿದ ನೀರು. ನಿಧಾನವಾಗಿ ಹೊರಟಳು. ಬಾಯಿ ಒಣಗಿದಾಗ ಗುಟುಕು ಕುಡಿದಳು, ಒಣಗದಿದ್ದಾಗ ನೀರಿನ ಮೇಜು ಬಂದರೂ ಕುಡಿಯದೆ ಒಂದು ಲೋಟ ತೆಗೆದು ನೆತ್ತಿಗೆ ಸುರಿದುಕೊಂಡಳು. ಹತ್ತಾಯಿತು, ಹದಿನೈದಾಯಿತು, ಇಪ್ಪತ್ತಾಯಿತು. ಹೊಟ್ಟೆಯಲ್ಲಿ ಸದ್ದಿಲ್ಲ. ಸೂರ್ಯ ನೆತ್ತಿಯ ಹತ್ತಿರ ಬಂದ. ಉಂಗುರ ತಿರುಗಿಸಿ ನೋಡಿದಳು, ಸಲೀಸಾಗಿ ತಿರುಗಿತು. ಎಲಾ ಇದರ, ಬಿಸಿಲೆಂದರೆ ಇಷ್ಟೇನಾ ಎಂದು ಅವಳಿಗೇ ಆಶ್ಚರ್ಯ. ಕಷ್ಟವಿತ್ತು, ಕಾಲು ಸೀಸದಂತೆ ಭಾರವಾಗಿತ್ತು. ಆದರೆ ತಲೆ ತಿಳಿಯಾಗಿತ್ತು.

ಇಪ್ಪತ್ತೊಂಬತ್ತನೇ ಕಿಲೋಮೀಟರಿನ ಕಲ್ಲು ಬಂತು. ಹೋದ ವರ್ಷ ಬಿದ್ದ ಜಾಗ. ಡ್ಯೂಟಿ ಗೀಟಿ ಎಲ್ಲ ಸುಳ್ಳು, ಅಕ್ಕ ಇಲ್ಲಿ ಬಂದು ನಿಂತೇ ನಿಂತಿರುತ್ತಾಳೆ ಎಂದು ಒಳಗೊಳಗೇ ನಂಬಿದ್ದಳು. ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ತಂಗಿ ಬೀಳದೆ ದಾಟಿದಳು. ಖುಷಿಯಾಗಬೇಕಿತ್ತು, ಅಳು ಬಂತು.

ಮೂವತ್ತೊಂದರ ಹತ್ತಿರ ಹಿಂದಿನಿಂದ ಪರಿಚಿತ ಹಾರ್ನ್ ಕೇಳಿಸಿತು. ಪಕ್ಕದ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಅಕ್ಕ ಏದುಸಿರು ಬಿಡುತ್ತ ಓಡಿ ಬಂದಳು. ಕೈಯಲ್ಲಿ ಒಂದು ಬಾಟಲಿ, ಅದೂ ಅರ್ಧ ಖಾಲಿ.

"ಕಲ್ಲಿನ ಹತ್ರ ನಿಲ್ಬೇಕು ಅಂತಾನೇ ಹೊರಟಿದ್ದೆ ಕಣೇ. ತಡ ಆಯ್ತು."

"ಯಾಕೆ? ಗಾಡಿ ಕೆಟ್ಟಿತ್ತಾ?"

"ಇಲ್ಲ." ಅಕ್ಕ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ದಾರೀಲಿ ನೀರು ಕುಡಿದೆ. ಆಮೇಲೆ ಪೆಟ್ರೋಲ್ ಬಂಕಲ್ಲಿ ನಿಲ್ಸಿ ಟಾಯ್ಲೆಟ್ ಎಲ್ಲಿ ಅಂತ ಕೇಳ್ದೆ. 'ಹೋಗಿ ಬನ್ನಿ ಅಮ್ಮ' ಅಂದ್ರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ಕೇಳಿರ್ಲಿಲ್ಲ ನಾನು."

ತಂಗಿಗೆ ನಗು ಬಂತು. ಅಕ್ಕ ಅಭ್ಯಾಸದಂತೆ ಬಾಟಲಿಯನ್ನು ಮುಂದೆ ಚಾಚಿದಳು. ಚಾಚಿದ ಕೈ ಅರ್ಧಕ್ಕೇ ನಿಂತಿತು.

"ಬಾಯಾರಿದ್ಯಾ?" ಎಂದು ಕೇಳಿದಳು.

ಒಂಬತ್ತನೇ ವಯಸ್ಸಿನಿಂದ ಈವರೆಗೆ ಅಕ್ಕ ತಿನ್ನು ಎಂದಿದ್ದಳು, ಕುಡಿ ಎಂದಿದ್ದಳು, ಮಲಗು ಎಂದಿದ್ದಳು. ಹಸಿವೆಯೇ, ಬಾಯಾರಿಕೆಯೇ ಎಂದು ಒಮ್ಮೆಯೂ ಕೇಳಿದವಳಲ್ಲ.

"ಇಲ್ಲ ಅಕ್ಕ. ಈಗ ಬೇಡ."

"ನಿಜವಾಗ್ಲೂ?"

"ನಿಜವಾಗ್ಲೂ."

"ಹಾಗಾದ್ರೆ ಇನ್ನೇನು ನಿಂತಿದೀಯಾ? ಓಡು!"

ತಂಗಿ ಓಡಿದಳು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅಕ್ಕ ಹೆಲ್ಮೆಟ್ ತೆಗೆದು, ಬಿಸಿಲಿನಲ್ಲಿ ನಡುರಸ್ತೆಯಲ್ಲೇ ನಿಂತು, ಉಳಿದ ನೀರನ್ನು ಗಟಗಟನೆ ತಾನೇ ಕುಡಿಯುತ್ತಿದ್ದಳು. ಮುಗಿದ ಮೇಲೆ ಬಾಟಲಿಯನ್ನು ಎತ್ತಿ ಹಿಡಿದು, ತಂಗಿಗೆ ಕಾಣುವಂತೆ ತಲೆಕೆಳಗು ಮಾಡಿ ತೋರಿಸಿದಳು.